ಗೋಡೆಯ ಮೇಲಿನ ದೊಡ್ಡ ಕೊಡ

ಬೆಳಿಗ್ಗೆ ಲಿಂಗಪೂಜೆ ಮಾಡಿ ಹಣೆಗೆ ವಿಭೂತಿ ಹಚ್ಚಿಕೊಳ್ಳದೆ ಗೌರವ್ವ ಚಹಾ ಮುಟ್ಟಿದವಳಲ್ಲ. ಜ್ವರ ಬಂದಾಗಲೂ ಅಷ್ಟೇ. ಬಿಳೂರಿನಿಂದ ನಮ್ಮ ಊರಿಗೆ ಸೊಸೆಯಾಗಿ ಬಂದ ಅವಳದು ಚಿತ್ರದ ಕೈ. ಮದುವೆ ಮನೆಯ ಗೋಡೆ, ಅಂಗನವಾಡಿಯ ಗೋಡೆ, ಎಲ್ಲದಕ್ಕೂ ಅವಳನ್ನೇ ಕರೆಯುತ್ತಿದ್ದರು.

ಹೋದ ಬೇಸಿಗೆಯಲ್ಲಿ ನೀರಿನ ಸಮಿತಿಯವರು ನೀರು ಹಂಚುವ ಲೆಕ್ಕ ತೋರಿಸಲು ಕಟ್ಟೆಯ ಎದುರಿನ ಗೋಡೆಯ ಮೇಲೆ ಅವಳಿಂದ ಒಂದು ಚಿತ್ರ ಬರೆಸಿದರು. ಕುರಿಗಳೂ ಕುಡಿಯುವುದರಿಂದ ಕುರಿ ಸಾಕುವ ಧನಗರರ ಕೇರಿಯಾದ ವಸ್ತಿಗೆ ಎರಡು ಪಾಲು ನೀರು, ನಮ್ಮ ಓಣಿಗೆ ಒಂದು ಪಾಲು. ಗೌರವ್ವ ಓಣಿಗೆ ಒಂದು ಕೊಡ ಬರೆದಳು. ವಸ್ತಿಯ ಕೊಡವನ್ನು ಅದರ ಎರಡರಷ್ಟು ಎತ್ತರ ಮಾಡಿದಳು. ಬರೀ ಎತ್ತರ ಮಾಡಿದರೆ ಕೊಡ ಹೋಗಿ ಕೊಳವೆಯಾಗುತ್ತದೆಂದು ಅಗಲವನ್ನೂ ಎರಡರಷ್ಟು ಮಾಡಿದಳು. ನೋಡಿದವರೆಲ್ಲ ಹೊಗಳಿದರು.

ಕೊಡಗಳ ಕೆಳಗೆ ಎರಡು ಪಾಲು, ಒಂದು ಪಾಲು ಎಂದು ಬರೆದ ಅಕ್ಷರ ಯಾರೂ ಓದಲಿಲ್ಲ. ಓಣಿಯ ಸಾತಪ್ಪ ಕಟ್ಟೆಯ ಮೇಲೆ ಕುಳಿತು, "ನಾವು ಒಂದು ಕುಡದ್ರ ಅವ್ರು ನಾಕು ಕುಡೀತಾರ. ಕುರಿ ಸಾಕ್ಯಾರೊ, ಆನಿ ಸಾಕ್ಯಾರೊ?" ಎಂದ. ಎಲ್ಲರೂ ನಕ್ಕರು. ನಗು ಸಿಟ್ಟಾಯಿತು. ವಸ್ತಿಯವರು ಊರಿನ ನೀರು ಕದಿಯುತ್ತಾರೆಂಬ ಮಾತು ಹಬ್ಬಿ, ಸಮಿತಿಯವರು ಅವರ ಮಧ್ಯಾಹ್ನದ ನೀರು ನಿಲ್ಲಿಸಿದರು.

ವಸ್ತಿಯ ಹಣಮವ್ವ ಗೌರವ್ವನ ಬಾಗಿಲಿಗೆ ಬಂದಳು. ಜಗಳಕ್ಕಲ್ಲ.

"ಅಕ್ಕಾರ, ನಮ್ಮ ಪಾಲು ಅಷ್ಟು ದೊಡ್ಡದೈತೇನ್ರಿ?"

ಸರಿಯಾಗಿ ಎರಡರಷ್ಟೇ ಬರೆದಿದ್ದೇನೆಂದು ಗೌರವ್ವ ಬಿರುಸಾಗಿಯೇ ಹೇಳಿ ಕಳಿಸಿದಳು. ಆದರೆ ಮನಸ್ಸು ತಡೆಯಲಿಲ್ಲ. ಹಳೆಯ ಪೇಪರಿನಲ್ಲಿ ಓಣಿಯ ಕೊಡದಷ್ಟೇ ಅಳತೆಯ ಕೊಡಗಳನ್ನು ಕತ್ತರಿಸಿ ಗೋಡೆಯ ದೊಡ್ಡ ಕೊಡದ ಮೇಲೆ ಹಚ್ಚಿದಳು. ಎರಡು ಹಚ್ಚಿದರೂ ಅರ್ಧ ಖಾಲಿ. ತುಂಡು ಮಾಡಿ ಸಂದಿಗೆಲ್ಲ ಅಂಟಿಸಿದಾಗ ನಾಲ್ಕು ಹಿಡಿದವು. ಸಾತಪ್ಪನ ಕಣ್ಣು ತಪ್ಪಿರಲಿಲ್ಲ, ಚಿತ್ರವೇ ತಪ್ಪಿತ್ತು.

ಅಂದಿನಿಂದ ಅವಳು ವಸ್ತಿಯ ದಾರಿ ಬಿಟ್ಟು ಹೊಲದ ಬದುವಿನ ಮೇಲೆ ಓಡಾಡಿದಳು. ನನ್ನ ಹತ್ತಿರ ಕುಳಿತು ಇದನ್ನು ಹೇಳುವಾಗಲೂ ತಲೆ ಎತ್ತಲಿಲ್ಲ. "ಬಾಯಾರಿದ ಹೆಣಮಗಳ ಮುಂದ ನನ್ನ ಚಿತ್ರದ ದೊಡ್ಡಸ್ತನ ಹೇಳಿದ್ನೆವ್ವಾ" ಎಂದಳು.

ಕೊನೆಗೆ ಸಮಿತಿಯ ಮಹಾಂತನ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಒಂದೇ ಅಳತೆಯ ಕೊಡಗಳನ್ನು, ಅಲ್ಲಿ ಎರಡು ಇಲ್ಲಿ ಒಂದು, ಬರೆದುಕೊಡುವೆನೆಂದಳು. ಮಹಾಂತ ಒಳ್ಳೆಯವನು. ಅವಳ ಮುಖ ನೋಡಿ ಮರುಗಿದ.

"ಗೌರವ್ವಕ್ಕ, ಸುಮ್ಮ ಸುಣ್ಣ ಹೊಡದು ಹೊಸಾದು ಬರೀರಿ. ನಾಳಿಂದ ನೀರು ಬಿಡಸ್ತೀನಿ. ಗ್ರಾಮಸಭಾದಾಗ ನಿಮ್ಮ ಹೆಸರು ತಗಿಯೂದಿಲ್ಲ."

"ಬ್ಯಾಡ್ರಿ ಮಹಾಂತಣ್ಣ. ನೀರು ಬಿಟ್ರೂ ಮಂದಿ ಅವ್ರಿಗೆ ಕಳ್ಳರು ಅನ್ನೂದು ಬಿಡೂದಿಲ್ಲ. ಸಭಾದಾಗ ನಾನ ನಿಂತು ತಪ್ಪು ನಂದಂತ ಹೇಳ್ತೀನ್ರಿ."