ಆ ಬಾಟಲಿಯ ಮುಚ್ಚಳ ಸಡಿಲ ಬಿಟ್ಟವನು

ಆ ಮುಚ್ಚಳ ಸಡಿಲ ಬಿಟ್ಟವನು ನಾನು, ಶರಣಮ್ಮಕ್ಕ. ನೀವಲ್ಲ. ಒಂಬತ್ತು ವರ್ಷ ಈ ಮಾತನ್ನು ನುಂಗಿಕೊಂಡು ಊರೂರಲ್ಲಿ ಭಾಷಣ ಮಾಡುತ್ತ ತಿರುಗಿದ್ದೇನೆ — ಇವತ್ತು ಬರೆದೇ ಬಿಡುತ್ತೇನೆ.

ನನ್ನ ಬಾಯಿ ಎಂಥದ್ದು ನಿಮಗೆ ಗೊತ್ತು. ಕೊಪ್ಪಳದ ಆ ಲ್ಯಾಬಿನಲ್ಲಿ ಸಂಶೋಧನೆಗಿದ್ದವರು ನಾವಿಬ್ಬರೇ. ಕೆಲಸ ನಿಮ್ಮದು, ಮಾತು ನನ್ನದು. ಸೋಡಿಯಂ ಬೋರೋಹೈಡ್ರೈಡ್ ಎಂಬ ಬಿಳಿ ಪುಡಿ ತನ್ನೊಳಗೆ ಹೈಡ್ರೋಜನ್ ಹಿಡಿದಿಟ್ಟುಕೊಂಡಿರುತ್ತದೆ, ನೀರು ಬಿದ್ದರೆ ಬಿಟ್ಟುಕೊಡುತ್ತದೆ, ಸಿಲಿಂಡರಿನ ಗೊಡವೆಯೇ ಬೇಡ — ಇದನ್ನು ಚಹಾದಂಗಡಿಯಲ್ಲೂ ಹೇಳುತ್ತಿದ್ದೆ. ಅನಿಲ ಬೇಗ ಹೊರಡಲು ಕಾರಟಗಿ ಅಕ್ಕಿ ಗಿರಣಿಯ ಹೊಟ್ಟಿನ ಬೂದಿಗೆ ಕೋಬಾಲ್ಟ್ ಸೇರಿಸಿ ನೋಡೋಣ ಅಂದವರು ನೀವು. ಎಂಥ ಛಲೋ ವಿಚಾರ! ಅದನ್ನೂ ನನ್ನದೆಂಬಂತೆ ಹೇಳಿಕೊಳ್ಳುತ್ತಿದ್ದೆ. ನೀವು ನಕ್ಕುಬಿಡುತ್ತಿದ್ದಿರಿ.

ಆ ಪುಡಿಗೆ ತೇವ ತಾಗಬಾರದು. ಅದಕ್ಕೇ ಬಾಟಲಿ ತೆಗೆದವರು ಅದರ ಚೀಟಿಯ ಮೇಲೆ ಹೆಸರು, ಹೊತ್ತು ಬರೆಯಬೇಕು — ನೀವೇ ಮಾಡಿದ ನಿಯಮ. ನಮ್ಮ ಕೆಲಸ ನೋಡಿ ಸಂಶೋಧನಾ ಯೋಜನೆ ಮಂಜೂರು ಮಾಡಲು ತಜ್ಞರು ಬರುವ ಹಿಂದಿನ ದಿನ ನೀವು ಬಾಟಲಿಯನ್ನು ಬಿಗಿಯಾಗಿ ಮುಚ್ಚಿ, ಹೆಸರು ಬರೆದು, ಇರಕಲ್ಲಗಡದ ಬಸ್ಸು ಹಿಡಿದಿರಿ. ಆಮೇಲೆ ಯಲಬುರ್ಗಾದಿಂದ ನನ್ನ ಭಾವ ಬಂದ. "ದಿನಾಲೂ ಇಲ್ಲಿ ಏನ ಮಾಡ್ತೀಯೋ ಮಾರಾಯಾ?" ಅಂದ. ಸಾಕಲ್ಲ ನನಗೆ! ಒಂದು ಚಿಟಿಕೆ ಪುಡಿ ತೆಗೆದು, ಬೂದಿ ಬೆರೆಸಿದ ನೀರು ಹನಿಸಿ, ಬುಸುಬುಸು ಗುಳ್ಳೆ ಏಳಿಸಿ ತೋರಿಸಿದೆ. ಭಾವ ಬೆರಗಾದ. ಆ ಖುಷಿಯಲ್ಲೇ ಅವನನ್ನು ಊಟಕ್ಕೆ ಕರೆದೊಯ್ದೆ. ಹೊರಗೆ ಜಿಟಿಜಿಟಿ ಮಳೆ. ಮುಚ್ಚಳ ಸುಮ್ಮನೆ ಮೇಲೆ ಕೂತಿತ್ತು, ತಿರುವಿರಲಿಲ್ಲ. ಹೆಸರು — ಅದನ್ನೂ ಬರೆಯಲಿಲ್ಲ.

ಮರುದಿನ ತಜ್ಞರ ಮುಂದೆ ನೀವು ಬಾಟಲಿ ತೆಗೆದರೆ ಪುಡಿ ಗಂಟು ಕಟ್ಟಿತ್ತು. ಬೇರೆ ಬಾಟಲಿ ಇರಲಿಲ್ಲ. ಹೈಡ್ರೋಜನ್‌ನಿಂದ ಓಡಬೇಕಿದ್ದ ಪುಟ್ಟ ಫ್ಯಾನು ನಾಲ್ಕು ಸುತ್ತು ತಿರುಗಿ ನಿಂತುಬಿಟ್ಟಿತು. ನಮ್ಮ ಸಂಶೋಧನೆಯ ಗೈಡ್ ಸರ್ ಚೀಟಿ ನೋಡಿದರು. ಕೊನೆಯ ಹೆಸರು ನಿಮ್ಮದು. ನನ್ನ ಕಡೆ ತಿರುಗಿದರು. "ಇವರು ಹೋದ ಮ್ಯಾಲ ಯಾರರ ತಗದಿದ್ರೇನು?"

"ಇಲ್ರಿ ಸರ," ಅಂದೆ.

ಅಷ್ಟೇ. ಹೆದರಿದ್ದೆ ಅಂತ ಬರೆದರೆ ಅದೂ ಒಂದು ನೆಪವಾಗುತ್ತದೆ — ಬೇಡ. ಮುಂದಿನ ವಾರ ಹೊಸ ಬಾಟಲಿ ಬಂತು, ಸರ್ ಪ್ರಯೋಗವನ್ನು ನನಗೊಪ್ಪಿಸಿದರು, ತಜ್ಞರ ಮುಂದೆ ನನ್ನ ಕೈಯಲ್ಲಿ ಫ್ಯಾನು ಗಿರಗಿರ ತಿರುಗಿತು, ಯೋಜನೆ ನನಗಾಯಿತು. ನಿಮ್ಮ ಬೂದಿಯ ವಿಚಾರ ನನ್ನ ಹೆಸರಿನಲ್ಲಿ ಅಚ್ಚಾಯಿತು. ನೀವು ಡಾಕ್ಟರೇಟನ್ನು ಅರ್ಧಕ್ಕೆ ಬಿಟ್ಟು ಕುಷ್ಟಗಿಯಲ್ಲಿ ಹೈಸ್ಕೂಲು ಟೀಚರಾದಿರಿ.

ಕಳೆದ ತಿಂಗಳು ನಿಮ್ಮ ಅದೇ ಹೈಸ್ಕೂಲಿಗೆ ನಾನು ಅತಿಥಿಯಾಗಿ ಬಂದೆ. ನನ್ನ ಎದುರಿಗೇ ಮಕ್ಕಳಿಗೆ ಹೇಳಿದಿರಿ: "ನಾನೂ ಒಮ್ಮೆ ಮುಚ್ಚಳ ಸಡ್ಲ ಬಿಟ್ಟು ದೊಡ್ಡ ಕೆಲಸ ಕೆಡಿಸೀನಿ. ಅದಕ್ಕ ಈಗ ಎಲ್ಲಾದನ್ನೂ ಮೂರು ಮೂರು ಸಲ ನೋಡ್ತೀನಿ." ಅಯ್ಯೋ ಅಕ್ಕಾ! ನಿಮಗೆ ನನ್ನ ಮೇಲೆ ಸಂಶಯ ಇದ್ದೇ ಇರುತ್ತದೆ, ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೀರಿ ಅಂತ ತಿಳಿದಿದ್ದೆ. ನೀವು ನೋಡಿದರೆ ನಿಮ್ಮ ಕೈಯನ್ನೇ ನಂಬದೆ ಇಷ್ಟು ವರ್ಷ ಕಳೆದಿದ್ದೀರಿ. ಭಾಳ ನಾಚಿಕೆಯಾಯಿತು. ಆದರೂ ಅವತ್ತು ಬಾಯಿ ಬಿಡಲಿಲ್ಲ.

ಈಗ ಬಿಟ್ಟಿದ್ದೇನೆ. ನಿವೃತ್ತರಾಗಿ ಭಾಗ್ಯನಗರದಲ್ಲಿರುವ ಗೈಡ್ ಸರ್ ಮನೆಗೆ ಹೋಗಿ ಎಲ್ಲ ಹೇಳಿದೆ; ಬೈದರು, ಬೈಸಿಕೊಂಡೆ. ಲೇಖನ ಅಚ್ಚು ಮಾಡಿದ ಪತ್ರಿಕೆಗೂ ಮೊದಲ ಹೆಸರು ನಿಮ್ಮದಾಗಬೇಕೆಂದೂ ಯಾಕೆಂದೂ ಬರೆದಿದ್ದೇನೆ. ಇದರಿಂದ ನನ್ನ ಹೆಸರು ಕೆಟ್ಟರೆ ಕೆಡಲಿ. ಕಳೆದ ವರ್ಷಗಳನ್ನು ತಿರುಗಿ ಕೊಡುವುದು ನನ್ನಿಂದಾಗದು. ಕ್ಷಮಿಸಿ ಅಂತಲೂ ಕೇಳುವುದಿಲ್ಲ.

ನೀವು ಒಪ್ಪಿದರೆ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಬರುತ್ತೇನೆ. ಆ ಮಕ್ಕಳೆಲ್ಲರ ಮುಂದೆ ನಿಂತು ಹೇಳುತ್ತೇನೆ — "ನಿಮ್ಮ ಟೀಚರ್ ಏನೂ ಕೆಡಿಸಿಲ್ರೋ. ಕೆಡಿಸಿದಾಂವ ಇಲ್ಲೇ ನಿಂತಾನ."