ಮಾವನ ಹಲ್ಲಿನ ಕಚ್ಚು

ನನ್ನ ಮಾವನ ಮುಂದಿನ ಹಲ್ಲೊಂದರಲ್ಲಿ ಸಣ್ಣ ಕಚ್ಚಿತ್ತು. ಗುಂಡ್ಲುಪೇಟೆಯಲ್ಲಿ ಟೆಲಿಫೋನ್ ಲೈನ್‌ಮನ್ ಆಗಿ ಮೂವತ್ತು ವರ್ಷ ತಂತಿಯ ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿದು ಆದ ಕಚ್ಚು. ಫೋನಿನ ತಂತಿ ಅದರಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತಿತ್ತು. ಎಡಗಡೆಯ ಹಲ್ಲೋ ಬಲಗಡೆಯದೋ ಈಗ ನೆನಪಿಲ್ಲ. ಹೆಂಡತಿಯನ್ನು ಕೇಳಬಹುದು, ಕೇಳುವುದಿಲ್ಲ. ಕೇಳಿದರೆ ಅಪ್ಪನ ಬಗ್ಗೆ ಒಂದು ಗಂಟೆ ಮಾತಾಡುತ್ತಾಳೆ.

ಅವರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಮೊದಲೇ ಹೇಳಿಬಿಡುತ್ತೇನೆ. ತೀರಿಕೊಂಡವರ ಬಗ್ಗೆ ಬರೆಯುವಾಗ ಕೈ ತಾನಾಗಿ ಬೆಲ್ಲ ಬೆರೆಸುತ್ತದೆ.

ಚಾಮರಾಜನಗರದಲ್ಲಿ ಸಂಸಾರ ಹೂಡಿದ ಹೊಸತು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಆದರೆ ಮಿಕ್ಸಿ ಕೆಟ್ಟರೆ, ಟ್ಯೂಬ್‌ಲೈಟ್ ಮಿಣುಕಿದರೆ ಹೆಂಡತಿಯದು ಒಂದೇ ಮಾತು: "ನೀವ್ ಬುಡಿ, ಅಪ್ಪ ಬಂದಾಗ ನೋಡ್ತಾರೆ." ಅಪ್ಪ ಬರುತ್ತಿದ್ದರು. ಒಂದು ಸ್ಕ್ರೂಡ್ರೈವರು, ಆ ಹಲ್ಲು, ಇಷ್ಟರಲ್ಲೇ ಕೆಲಸ ಮುಗಿಸಿ, "ಏನೂ ಆಗಿಲ್ಲ ಕಣಮ್ಮಿ, ಅದುಕ್ಕೆ ಬೇಜಾರಾಗಿತ್ತು, ಅಷ್ಟೇಯ" ಎನ್ನುತ್ತಿದ್ದರು. ಅವರ ಲೋಕದಲ್ಲಿ ಯಾವುದೂ ಕೆಡುತ್ತಿರಲಿಲ್ಲ, ಬೇಜಾರು ಮಾಡಿಕೊಳ್ಳುತ್ತಿತ್ತು.

ಲ್ಯಾಪ್‌ಟಾಪ್ ಕೊಂಡೆ. ಹಳೆಯದು. ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಮಾವ ಕೈಯಿಡಲಾರದ ವಸ್ತುವೊಂದು ಕೊನೆಗೂ ಮನೆಗೆ ಬಂತೆಂದು ಒಳಗೊಳಗೇ ಹಿಗ್ಗಿದೆ. ಫೋನ್ ಲೈನಿನಿಂದ ಇಂಟರ್ನೆಟ್‌ಗೆ ಸೇರಿಸುವ, ಅದರ ಒಳಗಿನ ಮೋಡೆಮ್ ಲಿನಕ್ಸ್‌ಗೆ ಒಗ್ಗುವುದಿಲ್ಲವೆಂದು ಗೊತ್ತಾಗಿ, ಹೊರಗಿನಿಂದ ಜೋಡಿಸುವ ಮೋಡೆಮ್ ತಂದೆ. ಬಿಳಿಯ ಡಬ್ಬಿ, ಮುಂದೆ ಕೆಂಪು ದೀಪಗಳ ಸಾಲು. ನಮ್ಮ ಬಾಡಿಗೆ ಮನೆಯಲ್ಲಿ ಫೋನಿರಲಿಲ್ಲ, ಮಾವನ ಮನೆಯಲ್ಲಿತ್ತು. ಗೌರಿಹಬ್ಬಕ್ಕೆ ಹೊರಟ ಬಸ್ಸು ತೆರಕಣಾಂಬಿ ದಾಟುವಾಗ ಹೆಂಡತಿಗೆ ಹೇಳಿದೆ, "ಇವತ್ತು ನಿಮ್ಮ ಮನೆಯಿಂದಲೇ ನಿನ್ನ ಗೆಳತಿಗೆ ಈಮೇಲ್ ಕಳಿಸ್ತೀಯ, ನೋಡ್ತಿರು." ಅವಳು ನನ್ನನ್ನು ನೋಡಿದ ನೋಟ ಹೊಸದಾಗಿತ್ತು. ಅದು ಉಳಿಯಬೇಕಿತ್ತು.

ಹಬ್ಬದೂಟ ಮುಗಿಸಿ ಕೂತೆ. ಮೊದಲ ಅರ್ಧ ಗಂಟೆ ಲ್ಯಾಪ್‌ಟಾಪಿಗೆ ಮೋಡೆಮ್ ಇರುವುದೇ ಕಾಣಲಿಲ್ಲ. ಅದನ್ನು ನಾನೇ ಸರಿಮಾಡಿದೆ. ಯಾರೂ ನೋಡಲಿಲ್ಲ, ಆಗ ಎಲ್ಲರೂ ಎಲೆಯಡಿಕೆ ಹಾಕುತ್ತಿದ್ದರು. ಆಮೇಲೆ ಮೋಡೆಮ್ ಫೋನೆತ್ತಿತು, ಎಕ್ಸ್‌ಚೇಂಜಿನ ಗುರ್ ಎಂಬ ಸದ್ದು ಬಂತು, ನಾಲ್ಕೈದು ಕ್ಷಣ ಬಿಟ್ಟು ಟಕ್ ಎಂದು ಇಟ್ಟುಬಿಟ್ಟಿತು. ಪರದೆಯ ಮೇಲೆ, ಡಯಲ್‌ಟೋನ್ ಇಲ್ಲ ಎಂಬ ಸಾಲು. ವೇಗ ಬದಲಿಸಿದೆ, ವೈರು ಬದಲಿಸಿದೆ. ಗುರ್, ಟಕ್.

"ಅಪ್ಪ, ಒಸಿ ಬಂದ್ ನೋಡಿ," ಹೆಂಡತಿ ಕೂಗಿದಳು.

"ಬೇಡ," ಎಂದೆ. "ಇದು ಅವರಿಗೆ ಗೊತ್ತಾಗಲ್ಲ."

"ಬುಡ್ರೀ, ನೋಡ್ಲಿ."

ಮಾವ ಬಂದು ಕುಕ್ಕರುಗಾಲಿನಲ್ಲಿ ಕೂತರು. ಪರದೆಯತ್ತ ತಿರುಗಲೂ ಇಲ್ಲ. ಡಬ್ಬಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದರು. "ಇನ್ನೊಂದ್ ಕಿತ ಮಾಡಿ, ಅಳಿಯಂದ್ರೇ." ಮಾಡಿದೆ. "ಇನ್ನೊಂದ್ ಕಿತ."

ಆಮೇಲೆ ಹೇಳಿದರು: "ಇದುಕ್ಕೆ ಬೇಜಾರೇನಿಲ್ಲ. ಎತ್ಕತ್ತದೆ, ಕಿವಿ ಕೊಡ್ತದೆ, ಇಟ್ಬುಡ್ತದೆ. ಯಾವ್ದೋ ಬ್ಯಾರೆ ಊರಿನ್ ಸದ್ದುಗೆ ಕಾಯ್ತಾ ಅದೆ. ನಮ್ ಎಕ್ಸ್‌ಚೇಂಜು ಅಂಗೆ ಕೂಗಕ್ಕಿಲ್ಲ. ಕಾಯ್ಬ್ಯಾಡ, ಸುಮ್ಕೆ ನಂಬರ್ ತಿರುಗ್ಸು ಅಂತ ಅದುಕ್ಕೆ ಯೋಳಕ್ಕಾಯ್ತದಾ?"

ಆಗುತ್ತಿತ್ತು. ಮೋಡೆಮ್ ಜೊತೆ ಬಂದ ಪುಸ್ತಕದಲ್ಲೇ ಇತ್ತು: ಎಕ್ಸ್ ಮೂರು ಎಂಬ ಆದೇಶ ಸೇರಿಸಿದರೆ ಮೋಡೆಮ್ ಸದ್ದಿಗೆ ಕಾಯದೆ ಡಯಲ್ ಮಾಡುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಆ ಪುಟವನ್ನು ಎರಡು ಸಲ ಓದಿದ್ದೆ. ಆದೇಶ ಬರೆದೆ. ಡಬ್ಬಿ ನಂಬರು ತಿರುಗಿಸಿತು, ಸಿಳ್ಳೆ ಹೊಡೆಯಿತು, ಕಿರುಚಿತು, ದೀಪಗಳೆಲ್ಲ ಹೊತ್ತಿದವು. ಹೆಂಡತಿ ಚಪ್ಪಾಳೆ ತಟ್ಟಿದಳು. ಅವಳು ನೋಡುತ್ತಿದ್ದುದು ಪರದೆಯನ್ನಲ್ಲ, ನನ್ನನ್ನೂ ಅಲ್ಲ.

"ನಂದೇನದೆ ಅದ್ರಲ್ಲಿ, ಓದ್ಕಂಡಿರೋರು ಅವ್ರು," ಎಂದು ಮಾವ ಎದ್ದು ಹೋದರು.

ಕಾಲೇಜಿನಲ್ಲಿ ಈ ಕತೆ ಹೇಳುವಾಗ ಮಾವನನ್ನು ಬಿಟ್ಟುಬಿಟ್ಟೆ. ಚಂದಕವಾಡಿಯ ಒಂದು ಮದುವೆಮನೆಯಲ್ಲಿ ಸಹೋದ್ಯೋಗಿಗಳಿಗೆ, "ಸದ್ದು ಕೇಳಿದ್ದೇ ನನಗೆ ಹೊಳೆದುಬಿಟ್ಟಿತು" ಎಂದು ಹೇಳುತ್ತಾ ತಿರುಗಿದರೆ ಹಿಂದಿನ ಕುರ್ಚಿಯಲ್ಲಿ ಅವರು.

"ಊಂ ಕಣ್ರಪ್ಪ," ಎಂದರು ಮಾವ, ಕಚ್ಚಿನ ಹಲ್ಲು ಕಾಣುವಂತೆ ನಕ್ಕು. "ನಾನೂ ಅಲ್ಲೇ ಇದ್ದಿ. ಕಿವಿ ಅಂದ್ರೆ ನಮ್ ಅಳಿಯಂದ್ರುದ್ದು."

ನಾಚಿಕೆಯಾಯಿತು ಎಂದು ಬರೆಯಬೇಕು. ಆದದ್ದು ಹೊಟ್ಟೆಕಿಚ್ಚು. ಸುಳ್ಳನ್ನೂ ಅವರು ನನಗಿಂತ ಚೆನ್ನಾಗಿ ಹೇಳಿದ್ದರು. ಅಥವಾ ಅವರು ನಗಲೇ ಇಲ್ಲವೇನೋ; ನನ್ನ ಅನುಕೂಲಕ್ಕೆ ಆ ನಗುವನ್ನು ಆಮೇಲೆ ನಾನೇ ಅಂಟಿಸಿರಬಹುದು.

ಮಾವ ಹೋಗಿ ಎರಡು ವರ್ಷವಾಯಿತು. ಆ ಮನೆಯ ಫೋನು ಅವರಿಗಿಂತ ಮೊದಲೇ ಹೋಗಿತ್ತು. ಕಳೆದ ತಿಂಗಳು ನಮ್ಮ ಇಸ್ತ್ರಿಪೆಟ್ಟಿಗೆಯ ವೈರು ತುಂಡಾಯಿತು. ಯಾರೂ ಇಲ್ಲದಾಗ ಪ್ಲಗ್ ಕಿತ್ತು, ವೈರನ್ನು ಹಲ್ಲಿಗಿಟ್ಟು ಎಳೆದೆ. ಸಿಪ್ಪೆ ಜಗ್ಗಲಿಲ್ಲ, ಒಸಡಿನಲ್ಲಿ ರಕ್ತ ಬಂತು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಅಂಗಲ್ಲ ಕಣ್ರೀ. ಕೊಡಿ ಇಲ್ಲಿ." ವೈರನ್ನು ಹಲ್ಲಿನ ನಡುವೆ ಇಟ್ಟು ಒಂದು ಸುತ್ತು ತಿರುಗಿಸಿ ಎಳೆದಳು. ಸಿಪ್ಪೆ ಒಂದೇ ತುಂಡಾಗಿ ಬಂತು. ತಂತಿ ಹೊಸೆದು, ಸ್ಕ್ರೂ ಬಿಗಿದು, ಇಸ್ತ್ರಿಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟಳು.

"ನಿನಗೆ ಬರುತ್ತಾ ಇದೆಲ್ಲ?"

"ಚಿಕ್ಕೋಳಿದ್ದಾಗ್ಲೇ ಯೋಳ್ಕೊಟ್ಟಿದ್ರು."

"ಮತ್ತೆ ಮಿಕ್ಸಿ, ಟ್ಯೂಬ್‌ಲೈಟು, ಎಲ್ಲದಕ್ಕೂ ಅಪ್ಪ ಬರ್ಲಿ ಅಂತಿದ್ದೆ?"

"ಅಪ್ಪ ಬರ್ಲಿ ಅಂತಾನೇ," ಎಂದಳು. "ಸುಮ್ಸುಮ್ಕೆ ಮಗಳ ಮನೆಗೆ ಬರೋ ಆಸಾಮಿನಾ ಅವ್ರು?"

ಅಂದಿನಿಂದ ಲೆಕ್ಕ ಹಾಕುತ್ತಿದ್ದೇನೆ. ನಾನು ಬರಲಿ ಎಂದು ಮಾವನ ಮನೆಯಲ್ಲಿ ಯಾವುದೂ, ಒಂದು ದಿನವೂ, ಬೇಜಾರು ಮಾಡಿಕೊಂಡ ನೆನಪಿಲ್ಲ.