ಯುಗಾದಿಯಿಂದ ಹೊರಬಿದ್ದ ರಷ್ಯನ್

ಪಿಯಾನೋ ನಾನೂರು ಡಾಲರಿಗೆ ಬಂತು. ಪಕ್ಕದೂರು ಆಲ್ಡಿಯಲ್ಲಿ ಮನೆ ಖಾಲಿ ಮಾಡುತ್ತಿದ್ದವರು ಒಂಬೈನೂರು ಹೇಳಿದ್ದರು. ಅವರು ಹೊರಡುವ ಹಿಂದಿನ ದಿನ ಹೋಗಿ ಬೆಲೆ ಇಳಿಸಿದೆ. ವಾಷಿಂಗ್ಟನ್ ಹತ್ತಿರದ ಶ್ಯಾಂಟಿಲಿಯ ನಮ್ಮ ಮನೆಗೆ ಸಾಗಿಸಿ ಶ್ರುತಿ ಮಾಡಿಸಲು ಮತ್ತೆ ಅಷ್ಟೇ ಹೋಯಿತು. ಇಷ್ಟೆಲ್ಲ ಒಬ್ಬ ರಷ್ಯನ್ ಸಂಗೀತಗಾರನಿಗಾಗಿ. ಅವನು ಸತ್ತು ನೂರು ವರ್ಷದ ಮೇಲಾಯಿತು. ಜುಲೈ ನಾಲ್ಕರಂದು ವಾಷಿಂಗ್ಟನ್ನಿನಲ್ಲಿ ಫಿರಂಗಿ ಹಾರಿಸಿ ನುಡಿಸುತ್ತಾರಲ್ಲ, ಅದು ಅವನದು. ಅದನ್ನು ಕೇಳಿ ಬಂದ ಮಗಳು ಅವನದೇ ಇನ್ನೊಂದು ತುಣುಕನ್ನು ಹಿಡಿದಳು, ದೋಣಿ ತೂಗಿದಂತೆ ಮೆಲ್ಲಗೆ ಸಾಗುವಂಥದ್ದು. ಕೀಬೋರ್ಡಿನಲ್ಲಿ ಅದು ಬರುವುದಿಲ್ಲ ಎಂದಳು. ಕೊಡಿಸಿದೆ.

2022ರ ಯುಗಾದಿ ಕಾರ್ಯಕ್ರಮದಲ್ಲಿ ಕನ್ನಡ ಕೂಟದವರು ಅವಳಿಗೆ ಆರು ನಿಮಿಷ ಕೊಟ್ಟಿದ್ದರು. ಅಷ್ಟರಲ್ಲಿ ಉಕ್ರೇನಿನ ಮೇಲೆ ರಷ್ಯಾದ ಬಾಂಬು ಬಿತ್ತು. ಕೂಟದ ಕಾರ್ಯದರ್ಶಿ ಫೋನ್ ಮಾಡಿದರು.

"ಸಾರ್, ಮಗಳ ಐಟಮ್ ಡ್ರಾಪ್ ಮಾಡ್ತಾ ಇದೀವಿ. ಅದು ರಷ್ಯನ್ ಮ್ಯೂಸಿಕ್ ಅಂತೆ."

"ಯಾರು ಕಂಪ್ಲೇಂಟ್ ಮಾಡಿದ್ರು?"

"ಯಾರೂ ಇಲ್ಲ. ಮಾಡಬಹುದಲ್ವಾ? ನಮ್ಮಲ್ಲಿ ಅರ್ಧ ಜನಕ್ಕೆ ಇನ್ನೂ ಗ್ರೀನ್ ಕಾರ್ಡ್ ಬಂದಿಲ್ಲ. ನಮಗ್ಯಾಕೆ ಬೇಕು?"

ನಾನು ಚೌಕಾಸಿಗೆ ಇಳಿದೆ. ಮೂರು ನಿಮಿಷಕ್ಕೆ ಮುಗಿಸುತ್ತಾಳೆ ಎಂದೆ. ಜನ ಊಟಕ್ಕೆ ಎದ್ದ ಮೇಲೆ ನುಡಿಸಲಿ ಎಂದೆ.

"ಯಾವುದಾದ್ರೂ ಸಿನಿಮಾ ಹಾಡು ಬಾರಿಸ್ಲಿ ಸಾರ್, ಹತ್ತು ನಿಮಿಷ ಕೊಡ್ತೀನಿ."

ಸ್ಪೀಕರ್ ಹಾಕಿದ್ದೆ, ಮಗಳು ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದಳು. "ಅಂಕಲ್, ಅವ್ರು ಡೆಡ್. ಅವ್ರು ಯಾರಿಗೂ ಬಾಂಬ್ ಹಾಕಿಲ್ಲ."

"ಗೊತ್ತು ಪುಟ್ಟಿ. ಆದ್ರೂ."

ಬಾಂಬು ಬಿದ್ದ ಊರಿನವರು ಬಂದು ಈ ಸಂಗೀತ ಬೇಡ ಎಂದಿದ್ದರೆ ತಲೆಬಾಗುತ್ತಿದ್ದೆ. ಅದು ಅವರ ನೋವು. ಇವರು ಒಬ್ಬ ಉಕ್ರೇನಿನವರನ್ನೂ ಕೇಳಿರಲಿಲ್ಲ. ಯಾರದೋ ಯುದ್ಧದಲ್ಲಿ ಇವರು ತಮ್ಮ ವೀಸಾ ಕಾಪಾಡಿಕೊಳ್ಳುತ್ತಿದ್ದರು. ಯುಗಾದಿಯ ದಿನ ಮಗಳು ಮನೆಯಲ್ಲೇ ಉಳಿದಳು. ಅಲ್ಲಿಂದೀಚೆಗೆ ಆ ತುಣುಕನ್ನು ಬಾಗಿಲು ಹಾಕಿಕೊಂಡೇ ನುಡಿಸುತ್ತಾಳೆ.

ಡಿಸೆಂಬರಿನಲ್ಲಿ ಅದೇ ಕಾರ್ಯದರ್ಶಿಯ ಫೋನು. "ಸಾರ್, ಕ್ರಿಸ್‌ಮಸ್ ಬ್ಯಾಲೆಗೆ ಗ್ರೂಪ್ ಟಿಕೆಟ್ ತಗೊಳ್ತಾ ಇದೀವಿ. ನೀವು ಮಾತಾಡಿದ್ರೆ ಇನ್ನೂ ಕಮ್ಮಿಗೆ ಬರುತ್ತೆ."

"ಅದರ ಮ್ಯೂಸಿಕ್ ಯಾರದ್ದು ಗೊತ್ತಾ?"

"ಕ್ರಿಸ್‌ಮಸ್‌ದು."

"ಅದೇ ರಷ್ಯನ್‌ದು."

"ಅಲ್ಲಿ ಅಮೆರಿಕನ್ನರೇ ಬರ್ತಾರಲ್ಲ ಸಾರ್. ಪರವಾಗಿಲ್ಲ."

ನಾನು ಫೋನ್ ಇಟ್ಟೆ. ಈ ದೇಶದ ಸ್ವಾತಂತ್ರ್ಯದ ದಿನಕ್ಕೂ ಅವನು ಬೇಕು, ಕ್ರಿಸ್‌ಮಸ್ಸಿಗೂ ಬೇಕು. ನ್ಯೂಯಾರ್ಕಿನ ಹೆಸರಾಂತ ಸಭಾಂಗಣವನ್ನು ತೆರೆಯುವಾಗ ಸಮುದ್ರ ದಾಟಿಸಿ ಕರೆಸಿದ್ದೂ ಅವನನ್ನೇ. ನಮ್ಮ ಹೋಳಿಗೆ ಊಟದ ಮುಂದೆ ಮಾತ್ರ ಅವನು ಅಪಾಯ.

ನಿಮ್ಮ ಮಗುವಿನ ಐಟಮ್ ತೆಗೆಯುತ್ತೇವೆ ಎಂದರೆ ನಿಮಿಷಗಳ ಮೇಲೆ ಚೌಕಾಸಿ ಮಾಡಬೇಡಿ. ಮಾಡಿದಿರೋ, ತೆಗೆಯುವ ಹಕ್ಕು ಅವರದೆಂದು ಒಪ್ಪಿದಂತೆ. ಬೇಡ ಎಂದವರು ಯಾರು, ಅವರ ನಂಬರು ಕೊಡಿ, ನಾನೇ ಮಾತಾಡುತ್ತೇನೆ ಎನ್ನಿ. ನಂಬರು ಕೊಡಲಾಗದಿದ್ದರೆ ಮಗುವನ್ನು ಕರೆದುಕೊಂಡು ಹೋಗಿ ವೇದಿಕೆ ಹತ್ತಿಸಿ. ಹಳೆಯ ಪಿಯಾನೋ ಬೇಕಿದ್ದರೆ ಮನೆ ಖಾಲಿ ಮಾಡುವವರ ಹತ್ತಿರ ಕೊನೆಯ ದಿನ ಹೋಗಿ. ನಮ್ಮದನ್ನು ಕೇಳಬೇಡಿ, ಕೊಡುವುದಿಲ್ಲ.